ತರಕಾರಿ ಸಸಿಗೆ ಗೋಣಿಬಟ್ಟೆಯ ಕೊಟ್ಟೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಕೃಷಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಹಕಾರ ಚಳವಳಿಯ ಬಗ್ಗೆ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಮೊದಲ ಕೃಷಿ ಪತ್ತಿನ ಸಂಘದ ಬಗ್ಗೆ ಮಾತಾಡುವವರು ವೇದಿಕೆ ಮೇಲೆ ಬೇಕಾದಷ್ಟು ಜನ ಇದ್ದಾರೆ. ನನಗೆ ಕೊಟ್ಟಿರುವುದು ಬಹಳ ಸಣ್ಣ ವಿಷಯ. ಬೀಜ ಹಾಕುವ ಕೊಟ್ಟೆ. ಆದರೆ ಅದನ್ನು ಯಾಕೆ ಕೊಟ್ಟರು ಅನ್ನುವುದು ನಿಮಗೂ ಗೊತ್ತು. ಹೋದ ಸಲದ ಸರ್ವಸಾಧಾರಣ ಸಭೆಯಲ್ಲಿ ಇದರ ಮೇಲೆ ಒಂದು ತಾಸು ಜಗಳ ಆಗಿದೆ. ಸಂಘದ ಮಳಿಗೆಯಲ್ಲಿ ಪ್ಲಾಸ್ಟಿಕ್ ಕೊಟ್ಟೆ ಮಾರುವುದನ್ನು ನಿಲ್ಲಿಸಿ ಮಣ್ಣಿನಲ್ಲಿ ಕರಗುವ ಬಟ್ಟೆ ಕೊಟ್ಟೆ ತರಿಸಬೇಕು ಎಂದು ಕೆಲವರು ಹೇಳಿದರು. ಅದೆಲ್ಲ ಪೇಟೆಯವರ ಶೋಕಿ, ತೋಟಕ್ಕೆ ಆಗುವ ಮಾತಲ್ಲ ಎಂದು ಉಳಿದವರು ಹೇಳಿದರು. ಹೊಲಿಯುವ ಕೆಲಸ ನಮಗೆ ಕೊಡಿ ಎಂದು ಮಹಿಳಾ ಸ್ವಸಹಾಯ ಸಂಘದವರು ಅರ್ಜಿಯನ್ನೂ ಕೊಟ್ಟಿದ್ದಾರೆ. ಅರ್ಜಿ ಇನ್ನೂ ಕಪಾಟಿನಲ್ಲಿದೆ. ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ಮೊದಲು ವಿಷಯ ಏನು ಅನ್ನುವುದನ್ನು ನೋಡೋಣ.

ಮೊದಲಿಗೆ ಲೆಕ್ಕ. ಒಂಬತ್ತಡಿಗೊಂದರಂತೆ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಸಸಿ. ಆರಡಿಗೊಂದು ಪಪ್ಪಾಯಿ ಹಾಕಿದರೆ 1,210 ಗುಂಡಿ. ಅಂದರೆ ಅಷ್ಟೇ ಪ್ಲಾಸ್ಟಿಕ್ ಕೊಟ್ಟೆ. ನೆಟ್ಟ ದಿನ ಸಂಜೆ ಆ ಕೊಟ್ಟೆ ಎಲ್ಲಿಗೆ ಹೋಗ್ತದೆ? ಒಂದಿಷ್ಟು ತೋಟದ ಕಪ್ಪಿನಲ್ಲಿ, ಒಂದಿಷ್ಟು ಗೊಬ್ಬರಗುಂಡಿಯಲ್ಲಿ, ಮಿಕ್ಕಿದ್ದು ಬಚ್ಚಲ ಒಲೆಗೆ. ಬಚ್ಚಲ ಒಲೆಗೆ ಹಾಕಿದ ಪ್ಲಾಸ್ಟಿಕ್ಕಿನ ಹೊಗೆ ಕುಡಿಯುವವರು ಯಾರು? ಬೆಳಿಗ್ಗೆ ಎದ್ದು ಒಲೆ ಊದುವ ಹೆಂಗಸರು. ಗೊಬ್ಬರಗುಂಡಿಗೆ ಹೋದದ್ದು ಗೊಬ್ಬರದ ಜೊತೆ ತಿರುಗಿ ತೋಟಕ್ಕೇ ಬರ್ತದೆ, ಬೇಲಿ ಬದಿಗೆ ಬಿದ್ದದ್ದು ದನದ ಹೊಟ್ಟೆಗೆ ಹೋಗ್ತದೆ. ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಒಂದು ವಿಷಯ. ಕೈಚೀಲ 120 ಮೈಕ್ರಾನ್‌ಗಿಂತ ತೆಳು ಇರಕೂಡದು ಎಂಬ ಕೇಂದ್ರ ಸರ್ಕಾರದ ನಿಯಮ 2022ರ ಡಿಸೆಂಬರ್ 31ರಿಂದ ಜಾರಿಯಾಗಿದೆ. ನಾವು ಅಡಿಕೆ ಸಸಿಗೆ ಬಳಸುವ 150 ಗೇಜಿನ ಕೊಟ್ಟೆ ಲೆಕ್ಕ ಹಾಕಿದರೆ 38 ಮೈಕ್ರಾನ್ ಆಗ್ತದೆ, ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಆ ನಿಯಮ ಹೇಳಿದ್ದು ಕೈಚೀಲಕ್ಕೆ, ಸಸಿ ಕೊಟ್ಟೆಗಲ್ಲ. ಹಾಗಾಗಿ ದಂಡ ಬೀಳ್ತದೆ ಅಂತ ಯಾರೂ ಹೆದರಬೇಕಾಗಿಲ್ಲ. ಆದರೆ ತೆಳು ಪ್ಲಾಸ್ಟಿಕ್ ಯಾಕೆ ಕೆಟ್ಟದ್ದು ಅನ್ನುವ ಕಾರಣ ಕೈಚೀಲಕ್ಕೂ ಕೊಟ್ಟೆಗೂ ಒಂದೇ. ತೆಳುವಾದಷ್ಟೂ ಬೇಗ ಹರಿದು ಚೂರಾಗ್ತದೆ, ಆರಿಸುವುದಕ್ಕೆ ಕೈಗೆ ಸಿಗುವುದಿಲ್ಲ.

ಇನ್ನು ಸಸಿಯ ದೃಷ್ಟಿಯಿಂದ ನೋಡಿ. ಇದೇ ಮುಖ್ಯ. ಪ್ಲಾಸ್ಟಿಕ್ ಗೋಡೆಗೆ ಬಂದು ತಾಗಿದ ಬೇರು ಮುಂದೆ ಹೋಗಲು ದಾರಿ ಇಲ್ಲದೆ ಗೋಡೆಗುಂಟ ಸುತ್ತುತ್ತದೆ. ಹೆಚ್ಚು ದಿನ ಇಟ್ಟ ಸಸಿಯನ್ನು ಬಿಡಿಸಿ ನೋಡಿ, ತಳದಲ್ಲಿ ಬೇರು ಸಿಂಬಿ ಸುತ್ತಿದ ಹಾಗೆ ಇರ್ತದೆ. ಹಾಗೇ ನೆಟ್ಟರೆ ಮಣ್ಣಿನೊಳಗೂ ಅದು ಸಿಂಬಿಯೇ. ಬಟ್ಟೆಯಲ್ಲಿ ಹಾಗಾಗುವುದಿಲ್ಲ. ಬೇರಿನ ತುದಿ ಬಟ್ಟೆಯ ಕಣ್ಣಿನಿಂದ ಹೊರಗೆ ಇಣುಕಿದ ಕೂಡಲೇ ಗಾಳಿ ತಾಗಿ ಒಣಗುತ್ತದೆ. ತುದಿ ಒಣಗಿದ ಬೇರು ಹಿಂದಿನಿಂದ ಕವಲೊಡೆಯುತ್ತದೆ. ಚಿಗುರು ಚಿವುಟಿದರೆ ಸೇವಂತಿಗೆ ಹೇಗೆ ಪೊದೆ ಕಟ್ಟುತ್ತದೋ ಹಾಗೆ. ಮಣ್ಣಿಗೆ ಇಳಿಸಿದ ಮೇಲೆ ಆ ಕವಲೆಲ್ಲ ಒಟ್ಟಿಗೆ ಹೊರಡುತ್ತವೆ.

ಆದರೆ ಇದರಲ್ಲಿ ಒಂದು ಷರತ್ತಿದೆ. ಕೊಟ್ಟೆಯ ಸುತ್ತ, ಅಡಿಯಲ್ಲಿ ಗಾಳಿ ಆಡಬೇಕು. ನೆಲದ ಮೇಲೆ ಇಟ್ಟರೆ ಬೇರು ಬಟ್ಟೆ ತೂರಿ ನೆಲಕ್ಕೆ ಇಳಿಯುತ್ತದೆ. ಎತ್ತುವಾಗ ಅಷ್ಟೂ ಹರಿಯುತ್ತದೆ. ಒಂದಕ್ಕೊಂದು ಒತ್ತಿ ಇಟ್ಟರೆ ಪಕ್ಕದ ಕೊಟ್ಟೆಗೆ ಬೇರು ನುಗ್ಗುತ್ತದೆ. ಅದಕ್ಕೆ ನಾಲ್ಕು ಗೂಟ ಹೊಡೆದು ಅಡಿಕೆ ದಬ್ಬೆಯ ಅಟ್ಟ ಮಾಡಿ, ದಬ್ಬೆ ದಬ್ಬೆ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು, ಅದರ ಮೇಲೆ ಇಡಬೇಕು. ದಬ್ಬೆಗೆ ನಮ್ಮ ಊರಲ್ಲಿ ಬರವಿಲ್ಲ.

ಈಗ ಯಾವ ಬೆಳೆಗೆ ಆಗ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದನ್ನು ಬಿಚ್ಚಿ ಹೇಳ್ತೇನೆ. ಎಲ್ಲದಕ್ಕೂ ಆಗ್ತದೆ ಅಂತ ಹೇಳಿ ಹೋದರೆ ಮುಂದಿನ ವರ್ಷ ನೀವು ನನ್ನನ್ನು ಊರಿಗೆ ಸೇರಿಸಲಿಕ್ಕಿಲ್ಲ.

ಅಡಿಕೆಗೆ ಆಗುವುದಿಲ್ಲ. ಅಡಿಕೆ ಸಸಿ ಕೊಟ್ಟೆಯಲ್ಲಿ ಒಂದು ವರ್ಷ, ಒಂದೂವರೆ ವರ್ಷ ಇರಬೇಕು. ದಿನಾ ನೀರು ಕುಡಿಯುವ ಗೋಣಿಬಟ್ಟೆ ಅಷ್ಟು ದಿನ ತಾಳುವುದಿಲ್ಲ. ಒಂದು ಮಳೆಗಾಲ ಮುಗಿಯುವುದರೊಳಗೆ ತಳ ಬಿಟ್ಟುಕೊಳ್ತದೆ. ಅಡಿಕೆಗೆ ಈಗಿರುವ ಪ್ಲಾಸ್ಟಿಕ್ ಕೊಟ್ಟೆಯೇ ಇರಲಿ, ಆದರೆ ನೆಡುವಾಗ ಬಿಡಿಸಿದ ಕೊಟ್ಟೆಯನ್ನು ಎಣಿಸಿ ವಾಪಸು ತಂದು ಸಂಘದಲ್ಲಿ ಗಂಟು ಹಾಕಿಡುವ ವ್ಯವಸ್ಥೆ ಬೇಕು. ಕೆಲವು ಕಡೆ ಕೂಲಿಯವರು ಅವಸರದಲ್ಲಿ ಕೊಟ್ಟೆ ಬಿಡಿಸದೆ, ಬರೀ ತಳ ಸೀಳಿ ಗುಂಡಿಗೆ ಇಳಿಸಿಬಿಡ್ತಾರೆ. ಮೂರ್ನಾಲ್ಕು ವರ್ಷ ಆದ ಮೇಲೆ ಆ ಗಿಡ ಏಳುವುದಿಲ್ಲ ಅಂತ ಗೊಬ್ಬರ ಸುರಿಯುತ್ತಾ ಕೂತಿರುತ್ತೇವೆ. ಎಣಿಸಿ ವಾಪಸು ಕೊಡಬೇಕು ಎಂದಾದರೆ ಇದೂ ತಪ್ಪುತ್ತದೆ.

ಕಾಳುಮೆಣಸಿಗೆ ಅರ್ಧ ಮನಸ್ಸಿನಿಂದ ಹೇಳ್ತೇನೆ. ಫೆಬ್ರವರಿ ಮಾರ್ಚಿನಲ್ಲಿ ಬೇರು ಬಂದ ತುಂಡನ್ನು ಕೊಟ್ಟೆಗೆ ಹಾಕಿ ಜೂನ್ ಹೊತ್ತಿಗೆ ನೆಡುವುದಾದರೆ ಮೂರು ನಾಲ್ಕು ತಿಂಗಳು. ಎರಡು ಪದರ ಗೋಣಿ ಅಷ್ಟು ದಿನ ನಿಲ್ಲಬಹುದು. ಹತ್ತಿಪ್ಪತ್ತು ಮಾಡಿ ನೋಡಿ, ನೂರಾರು ಮಾಡಬೇಡಿ.

ಬದನೆ, ಮೆಣಸಿನಕಾಯಿ, ಟೊಮೆಟೊ ಇವಕ್ಕೆ ಯಾವ ಕೊಟ್ಟೆಯೂ ಬೇಡ. ಮಡಿಯಲ್ಲಿ ಬೀಜ ಚೆಲ್ಲಿ ಕಿತ್ತು ನೆಟ್ಟರೆ ಸಾಕು, ಆ ಸಸಿ ಬೇರು ಹರಿದರೂ ಸಾವರಿಸಿಕೊಳ್ತದೆ.

ಬಟ್ಟೆ ಕೊಟ್ಟೆ ಇರುವುದೇ ಬೇರು ಹರಿದರೆ ಸಾವರಿಸಿಕೊಳ್ಳದ ಬೆಳೆಗೆ. ಸೌತೆ, ಹೀರೆ, ಹಾಗಲ, ಪಡವಲ, ಸಿಹಿಗುಂಬಳ, ಬೂದಗುಂಬಳ ಈ ಬಳ್ಳಿ ಜಾತಿ ಪೂರ್ತಿ. ನುಗ್ಗೆ ಮತ್ತು ಪಪ್ಪಾಯಿ. ಬಳ್ಳಿ ತರಕಾರಿಯನ್ನು ನಾವು ನೇರವಾಗಿ ಗುಂಡಿಗೇ ಬೀಜ ಹಾಕ್ತೇವೆ, ನಿಜ. ಆದರೆ ನಮ್ಮ ಮಲೆನಾಡಿನಲ್ಲಿ ಮೃಗಶಿರ ಮಳೆ ಹಿಡಿಯಿತು ಎಂದರೆ ಮೊಳಕೆಯನ್ನು ಮಳೆ ಕೊಚ್ಚುತ್ತದೆ, ಉಳಿದದ್ದನ್ನು ಬಸವನಹುಳು ರಾತ್ರಿ ಕಳೆಯುವುದರೊಳಗೆ ಬೋಳಿಸುತ್ತದೆ. ಎರಡೆಲೆ ಸಸಿಗಿಂತ ನಾಲ್ಕೆಲೆ ಸಸಿ ತಾಳುವ ಶಕ್ತಿ ಹೆಚ್ಚು. ಅದೇ ಲಾಭ. ಹದಿನೈದು ಇಪ್ಪತ್ತು ದಿನದ ಕೆಲಸಕ್ಕೆ ಒಂದೂವರೆ ವರ್ಷ ಬಾಳುವ ಪ್ಲಾಸ್ಟಿಕ್ ಯಾಕೆ ಬೇಕು?

ಈ ಯೋಚನೆ ಹೊಸದೂ ಅಲ್ಲ. ಪ್ಲಾಸ್ಟಿಕ್ ಬರುವ ಮೊದಲು ಬಾಳೆ ಪಟ್ಟೆ, ಅಡಿಕೆ ಹಾಳೆ, ತೆಂಗಿನ ಕರಟ, ಮುತ್ತುಗದ ಎಲೆಯ ದೊನ್ನೆ ಎಲ್ಲ ಈ ಕೆಲಸಕ್ಕೆ ಬರುತ್ತಿದ್ದವು. ಈಗಲೂ ಹತ್ತಿಪ್ಪತ್ತು ಸಸಿ ಮಾಡುವವರಿಗೆ ಬಾಳೆ ಪಟ್ಟೆಯೇ ಸಾಕು, ಸಂಘದ ಬಾಗಿಲಿಗೆ ಬರುವುದೇ ಬೇಡ. ನೂರಾರು ಸಸಿ ಮಾಡಿ ಸಂತೆಗೆ ಒಯ್ಯುವವರಿಗೆ ಮಾತ್ರ ಒಂದೇ ಅಳತೆಯ, ಸಾಗಿಸುವಾಗ ಒಡೆಯದ ಕೊಟ್ಟೆ ಬೇಕಾಗ್ತದೆ.

ಯಾವ ಬಟ್ಟೆ ಎನ್ನುವಲ್ಲಿ ಮೋಸ ಹೋಗುವವರೇ ಹೆಚ್ಚು. ಪೇಟೆಯಲ್ಲಿ ಸೀರೆ ಅಂಗಡಿಯವರು, ಮದುವೆ ಮನೆಯವರು ಕೊಡ್ತಾರಲ್ಲ, ಕೈಗೆ ಬಟ್ಟೆಯ ಹಾಗೆ ಮೆತ್ತಗೆ ತಾಗುವ ಬಣ್ಣಬಣ್ಣದ ಚೀಲ, ಅದು ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಯನ್ನು ನೇಯದೆ ಬಿಸಿಯಲ್ಲಿ ಒತ್ತಿ ಮಾಡಿದ್ದು. ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗ್ತದೆ, ಅದನ್ನೇ ಕರಗಿತು ಅಂತ ಜನ ತಿಳ್ಕೊಳ್ತಾರೆ. ಕರಗಿದ್ದಲ್ಲ, ಚೂರಾದದ್ದು. ಸಸಿ ಬೆಳೆಸಲಿಕ್ಕೆ ಎಂದು ಬಿಳಿಯ ತೆಳು ಬಟ್ಟೆಯಂಥ ಕೊಟ್ಟೆ ಕಟ್ಟುಕಟ್ಟಾಗಿ ಮಾರಲಿಕ್ಕೆ ಬರ್ತದೆ. ಅದರಲ್ಲಿ ಎರಡು ಜಾತಿ. ಒಂದು ಈಗ ಹೇಳಿದ ಪ್ಲಾಸ್ಟಿಕ್. ಇನ್ನೊಂದು ಜೋಳ, ಕಬ್ಬು ಮುಂತಾದವುಗಳಿಂದ ತೆಗೆದ ಪಿಎಲ್‌ಎ ಎಂಬುದು. ಈ ಪಿಎಲ್‌ಎ ಕರಗುವುದು ನಿಜ, ಆದರೆ ದೊಡ್ಡ ಗೊಬ್ಬರ ಘಟಕದಲ್ಲಿ 58–60 ಡಿಗ್ರಿ ಶಾಖ ನಿಂತಾಗ ಬೇಗ ಕರಗ್ತದೆ. ನಮ್ಮ ತೋಟದ ಮಣ್ಣಿನಲ್ಲಿ ಆ ಶಾಖ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಕಟ್ಟಿನ ಮೇಲೆ ಎಲೆಯ ಚಿತ್ರ, ಹಸಿರು ಅಕ್ಷರ ಇದ್ದ ಮಾತ್ರಕ್ಕೆ ನಂಬಬಾರದು.

ಪರೀಕ್ಷೆ ಮಾಡುವುದು ಸುಲಭ. ಅಂಚಿನಿಂದ ಎರಡೆಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಹತ್ತಿ ಅಥವಾ ಸೆಣಬಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪ್ಲಾಸ್ಟಿಕ್ ಆದರೆ ಕರಗಿ ಮುದುಡಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ಬೂದಿಯೂ ಇದೆ, ಗುಂಡೂ ಇದೆ ಎಂದರೆ ಅದು ಮಿಶ್ರ ನೂಲು, ಟೆರಿಕಾಟ್ ಜಾತಿ. ಅದೂ ಬೇಡ. ಹತ್ತಿ ಕರಗಿ ಹೋಗಿ ಬಾಕಿದು ಬಲೆಯ ಹಾಗೆ ಬೇರಿಗೆ ಸುತ್ತಿಕೊಂಡಿರ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಂಘದವರು ಪೇಟೆಯಿಂದ ಏನನ್ನೂ ತರಿಸುವ ಅಗತ್ಯ ಇಲ್ಲ. ಆಹಾರಧಾನ್ಯವನ್ನು ಸೆಣಬಿನ ಚೀಲದಲ್ಲಿ ತುಂಬಬೇಕೆಂಬ ಕಾನೂನು 1987ರಲ್ಲಿ ಬಂತು. ಹಾಗಾಗಿ ನ್ಯಾಯಬೆಲೆ ಅಂಗಡಿಗೆ ಅಕ್ಕಿ ಬಂದ ಗೋಣಿಚೀಲ ಊರೂರಲ್ಲೂ ಸಿಗ್ತದೆ. ಗೋಣಿ ಎಂಬ ನಮ್ಮ ಶಬ್ದವನ್ನೇ ಇಂಗ್ಲಿಷಿನವರೂ ಗನ್ನಿ ಅಂತ ಮಾಡ್ಕೊಂಡದ್ದು, ಅಷ್ಟು ಹಳೆಯ ನಂಟು. ಆದರೆ ಗೊಬ್ಬರದ ಚೀಲ, ಹಿಂಡಿ ಚೀಲ ಬೇಡ, ಅವೆಲ್ಲ ಪ್ಲಾಸ್ಟಿಕ್ ನೇಯ್ಗೆ. ಔಷಧಿ ಡಬ್ಬಿಗಳ ಜೊತೆ ಬಿದ್ದಿದ್ದ ಗೋಣಿಯೂ ಬೇಡ.

ಐವತ್ತು ಕೆ.ಜಿ. ಅಕ್ಕಿಯ ಗೋಣಿ 94 ಸೆಂಟಿಮೀಟರ್ ಉದ್ದ, 57 ಅಗಲ ಇರ್ತದೆ. ಹೊಲಿಗೆ ಬಿಚ್ಚಿ ಹಾಸಿದರೆ ಸುಮಾರು 37 ಇಂಚಿಗೆ 45 ಇಂಚು. ಒಂದಡಿ ಅಗಲ, ಒಂಬತ್ತು ಇಂಚು ಎತ್ತರದ ತುಂಡು ಕತ್ತರಿಸಿದರೆ ಹದಿನೈದು ಬರ್ತವೆ. ತುಂಡನ್ನು ಮಡಚಿ ಪಕ್ಕ ಮತ್ತು ತಳ ಹೊಲಿದರೆ ಮಣ್ಣು ತುಂಬಿದಾಗ ಮೂರೂವರೆ ಇಂಚು ದಪ್ಪದ ಕೊಟ್ಟೆ. ಬಳ್ಳಿ ತರಕಾರಿಗೆ ಇದು ಸರಿಯಾದ ಅಳತೆ. ಹರಿದ ಗೋಣಿಯಾದರೆ ಹತ್ತು ಹನ್ನೆರಡು ಸಿಗಬಹುದು. ಕತ್ತರಿಸುವ ಮೊದಲು ಗೋಣಿಯನ್ನು ಒಂದು ದಿನ ನೀರಲ್ಲಿ ನೆನೆಹಾಕಿ ಒಗೆಯಬೇಕು. ಸೆಣಬು ನೂಲುವಾಗ ಎಣ್ಣೆ ಹಚ್ಚಿರ್ತಾರೆ, ಅದು ಹೋಗದಿದ್ದರೆ ನೀರು ಹೀರುವುದಿಲ್ಲ. ಹೊಲಿಯುವುದು ಹತ್ತಿ ದಾರದಲ್ಲೇ. ಗೋಣಿ ಮೂಲದಲ್ಲಿ ಬಾಯಿ ಕಟ್ಟಿದ ದಾರ ಎಷ್ಟೋ ಸಲ ಪ್ಲಾಸ್ಟಿಕ್ ಇರ್ತದೆ, ಅದನ್ನು ಕಿತ್ತು ಬೇರೆ ಇಡಿ. ಬಟ್ಟೆ ಕರಗಿ ನೈಲಾನ್ ದಾರ ಉಳಿದರೆ ಮಾಡಿದ್ದಕ್ಕೆ ಅರ್ಥ ಇಲ್ಲ. ಹಳೆಯ ಹತ್ತಿ ಪಂಚೆಯೂ ಆಗ್ತದೆ, ಆದರೆ ಮೂರು ನಾಲ್ಕು ವಾರಕ್ಕೆ ಜೀರ್ಣ ಆಗಿಬಿಡ್ತದೆ. ಸೌತೆಗೆ ಸಾಕು, ಪಪ್ಪಾಯಿಗೆ ಸಾಲದು.

ಇನ್ನು ಮಣ್ಣು. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ ಎಂಬ ಲೆಕ್ಕ ಪ್ಲಾಸ್ಟಿಕ್ ಕೊಟ್ಟೆಯದ್ದು. ಬಟ್ಟೆ ನಾಲ್ಕೂ ಕಡೆಯಿಂದ ಆರುತ್ತದೆ, ಹಾಗಾಗಿ ಮರಳನ್ನು ಅರ್ಧಕ್ಕೆ ಇಳಿಸಿ ಗೊಬ್ಬರ ಹೆಚ್ಚಿಸಬೇಕು. ತೆಂಗಿನನಾರಿನ ಪುಡಿ ಹಾಕುವವರು ಅದನ್ನು ಎರಡು ಮೂರು ನೀರಲ್ಲಿ ತೊಳೆದು ಹಾಕಿ, ಹಸಿ ಪುಡಿಯ ಉಪ್ಪು, ಒಗರು ಎಳೆ ಬೇರಿಗೆ ಆಗುವುದಿಲ್ಲ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಅದಕ್ಕೊಂದು ಕಾರಣ ಇದೆ. ಸೆಣಬು ಕೊಳೆಯುವಾಗ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವು ಎಳೆದುಕೊಳ್ತವೆ. ಆಗ ಸಸಿ ಸ್ವಲ್ಪ ಹಳದಿಗೆ ತಿರುಗಬಹುದು. ರೋಗ ಅಂತ ಔಷಧಿ ಹೊಡೆಯಲು ಓಡಬೇಡಿ. ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಸೇರಿಸಿ ಬುಡಕ್ಕೆ ಹಾಕಿದರೆ ವಾರದಲ್ಲಿ ಬಣ್ಣ ತಿರುಗುತ್ತದೆ.

ಬೀಜವನ್ನು ರಾತ್ರಿ ನೆನೆಸಿ ಒಂದೊಂದು ಕೊಟ್ಟೆಗೆ ಎರಡರಂತೆ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿ. ಹಾಗಲದ ಸಿಪ್ಪೆ ಗಟ್ಟಿ, ಅದಕ್ಕೆ ಎರಡು ಮೂರು ದಿನ ಹೆಚ್ಚು ಕಾಯಬೇಕು. ಎರಡೂ ಹುಟ್ಟಿದರೆ ಬಡಕಲನ್ನು ಕೀಳಬೇಡಿ, ಬುಡದಲ್ಲಿ ಚಿವುಟಿ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ. ಪಪ್ಪಾಯಿ ಬೀಜದ ಮೇಲಿನ ಲೋಳೆಯನ್ನು ಬೂದಿ ಹಾಕಿ ತಿಕ್ಕಿ ತೊಳೆಯಲೇಬೇಕು, ಆ ಲೋಳೆ ಮೊಳಕೆಯನ್ನು ತಡೆಯುತ್ತದೆ. ಗಂಡು ಹೆಣ್ಣು ಬೇರೆ ಬೇರೆ ಗಿಡವಾಗುವ ನಾಟಿ ಪಪ್ಪಾಯಿಯಾದರೆ ಕೊಟ್ಟೆಗೆ ಮೂರು ಸಸಿ ಹಾಗೇ ಉಳಿಸಿಕೊಂಡು ಒಟ್ಟಿಗೆ ನೆಡಿ. ಹೂ ಬಂದ ಮೇಲೆ ಹತ್ತು ಹೆಣ್ಣಿಗೊಂದು ಗಂಡು ಬಿಟ್ಟು ಉಳಿದದ್ದನ್ನು ಕಡಿಯಬಹುದು.

ನೀರಿನ ವಿಷಯದಲ್ಲಿ ಬಟ್ಟೆ ಕೊಟ್ಟೆಯ ದೋಷ ಮುಚ್ಚಿಡುವುದಿಲ್ಲ. ಏಪ್ರಿಲ್ ಮೇ ಬಿಸಿಲಲ್ಲಿ ದಿನಕ್ಕೆ ಎರಡು ಸಲ ನೀರು ಬೇಕು. ಒಂದು ದಿನ ನೆಂಟರ ಮನೆಗೆ ಹೋಗಿ ಬಂದರೆ ಸಸಿ ಬಾಡಿರ್ತದೆ. ಪ್ಲಾಸ್ಟಿಕ್ಕಿನಲ್ಲಿ ಆ ಕಷ್ಟ ಇಲ್ಲ. ಬೇಸಿಗೆಯಲ್ಲಿ ಬಾವಿ ಬತ್ತುವವರು ಇದನ್ನು ಯೋಚಿಸಿಯೇ ಕೈ ಹಾಕಬೇಕು. ಅದರ ಬದಲಿಗೆ ನೀರು ನಿಂತು ಬುಡ ಕೊಳೆಯುವುದು ಬಟ್ಟೆಯಲ್ಲಿ ಕಡಿಮೆ. ಪಪ್ಪಾಯಿ ಮಾಡಿದವರಿಗೆ ಅದರ ಬೆಲೆ ಗೊತ್ತು.

ನೆಡುವಾಗ ಮೂರು ಕಡೆ ಎಚ್ಚರ. ಕೊಟ್ಟೆಯನ್ನು ನೀರಲ್ಲಿ ಅದ್ದಿ ಪೂರ್ತಿ ತೋಯಿಸಿ ಇಳಿಸಬೇಕು, ಒಣ ಗೋಣಿ ಮಣ್ಣಿನೊಳಗೆ ಬೇರನ್ನು ಹೊರಗೆ ಬಿಡುವುದಿಲ್ಲ. ಗೋಣಿ ಇನ್ನೂ ಗಟ್ಟಿಯಿದ್ದರೆ ತಳದಲ್ಲಿ, ಪಕ್ಕದಲ್ಲಿ ಬ್ಲೇಡಿನಿಂದ ಒಂದೊಂದು ಗೀರು ಹಾಕಿ. ಕೊಟ್ಟೆಯ ಬಾಯಿ ಮಾತ್ರ ಮಣ್ಣಿನ ಮೇಲೆ ಕಾಣಕೂಡದು. ಇದನ್ನು ಒತ್ತಿ ಹೇಳ್ತೇನೆ. ಮೇಲೆ ಉಳಿದ ಬಟ್ಟೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗಿನ ತೇವವನ್ನು ಎಳೆದು ಗಾಳಿಗೆ ಬಿಡ್ತದೆ. ಸುತ್ತ ಮಣ್ಣು ಹಸಿ ಇದ್ದರೂ ಸಸಿ ಒಣಗುತ್ತದೆ. ಮೇಲಂಚನ್ನು ಕತ್ತರಿಸಿ ತೆಗೆಯಿರಿ ಅಥವಾ ಮಡಚಿ ಹೂಳಿ. ಗೆದ್ದಲು ಇರುವ ಜಾಗದಲ್ಲಿ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಗೋಣಿ ಅಂದರೆ ಗೆದ್ದಲಿಗೆ ಹಬ್ಬದ ಊಟ.

ಈಗ ಸ್ವಸಹಾಯ ಸಂಘದ ಅರ್ಜಿ. ಕೊಟ್ಟೆ ಎಷ್ಟಕ್ಕೆ ಬೀಳ್ತದೆ ಎಂದು ಕೇಳಿದ್ದೀರಿ. ಪ್ಲಾಸ್ಟಿಕ್ ಕೊಟ್ಟೆಯನ್ನು ಕೆ.ಜಿ. ಲೆಕ್ಕದಲ್ಲಿ ತರ್ತೇವೆ, ಅದರ ದರಕ್ಕೆ ಗೋಣಿ ಕೊಟ್ಟೆ ಬರುವುದಿಲ್ಲ. ಬರ್ತದೆ ಎಂದು ಯಾರಾದರೂ ಹೇಳಿದರೆ ಅವರು ಹೆಂಗಸರ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಂತ ಅರ್ಥ. ಗೋಣಿಯ ಬೆಲೆಯನ್ನು ಹದಿನೈದರಿಂದ ಭಾಗಿಸಿ, ಅದಕ್ಕೆ ದಾರ, ಹೊಲಿಗೆ ಸೇರಿಸಿ. ಇಷ್ಟಕ್ಕೇ ನಿಲ್ಲಿಸಬೇಡಿ. ಬಿಚ್ಚುವುದು, ನೆನೆಸುವುದು, ಒಗೆಯುವುದು, ಒಣಗಿಸುವುದು, ಕತ್ತರಿಸುವುದು ಹೊಲಿಗೆಗಿಂತ ಹೆಚ್ಚಿನ ಕೆಲಸ. ಒದ್ದೆ ಗೋಣಿ ಎತ್ತುವ ಭಾರ ಎತ್ತಿದವರಿಗೇ ಗೊತ್ತು. ಮನೆಯಲ್ಲಿ ಹೇಗೂ ಕೂತಿರ್ತಾರಲ್ಲ, ಮಾಡ್ಲಿ ಅನ್ನುವ ಮಾತು ಆ ಸಭೆಯಲ್ಲಿ ಬಂತಂತೆ. ಯಾರೂ ಹೇಗೂ ಕೂತಿರುವುದಿಲ್ಲ. ಕೊಟ್ಟೆಗಿಷ್ಟು ಅಂತ ಕೂಲಿ ಗೊತ್ತುಮಾಡಿ, ಅದು ನಮಗೆ ಕೊಡಲು ಆಗುವುದಾದರೆ ಮಾತ್ರ ಒಪ್ಪಂದ ಮಾಡಿಕೊಳ್ಳಿ. ಆಗದಿದ್ದರೆ ಬಾಳೆ ಪಟ್ಟೆ ಇದ್ದೇ ಇದೆ.

ಮಾರಾಟಕ್ಕೆ ಎಲ್ಲಿ ಗಿರಾಕಿ ಎಂದು ಕೇಳುವವರಿಗೆ ಒಂದು ಮಾತು. ಖಾಲಿ ಕೊಟ್ಟೆ ಮಾರಿದರೆ ಲಾಭ ಇಲ್ಲ. ಸಸಿ ಸಮೇತ ಮಾರಿದರೆ ಇದೆ. ಮಳೆಗಾಲದ ಆರಂಭದಲ್ಲಿ ಸಂತೆಯಲ್ಲಿ ನಾಲ್ಕೆಲೆಯ ಹೀರೆ ಸಸಿ, ಕೊಟ್ಟೆ ಬಿಡಿಸದೆ ಹಾಗೇ ನೆಡಬಹುದು ಎಂದರೆ ಪೇಟೆಯ ಹಿತ್ತಲಿನವರು ಬಿಡುವುದಿಲ್ಲ. ಸಂಘದವರು ಮೊದಲ ವರ್ಷ ಗೋಣಿಯನ್ನು ಸಾಲವಾಗಿ ಕೊಟ್ಟು, ಸಸಿ ಮಾರಿದ ಮೇಲೆ ವಸೂಲು ಮಾಡಿಕೊಂಡರೆ ಯಾರ ಕೈಯೂ ಸುಡುವುದಿಲ್ಲ. ಮೊದಲ ವರ್ಷ ನೂರು ಗೋಣಿಗಿಂತ ಹೆಚ್ಚು ಕತ್ತರಿಸಬೇಡಿ. ಹೊಲಿದಿಟ್ಟ ಕೊಟ್ಟೆ ಮಳೆಗಾಲದಲ್ಲಿ ಉಳಿದರೆ ಬೂಸಲು ಹಿಡಿಯುತ್ತದೆ, ಅಟ್ಟದ ಮೇಲೆ ಹೊಗೆ ತಾಗುವ ಕಡೆ ಇಡಬೇಕಾಗ್ತದೆ.

ಸಮಯದ ಲೆಕ್ಕ ಹೇಳಿ ನಿಲ್ಲಿಸ್ತೇನೆ, ಊಟಕ್ಕೆ ತಡ ಆಗ್ತಿದೆ. ಪಪ್ಪಾಯಿಗೆ ಮಾರ್ಚ್ ಕೊನೆಯೊಳಗೆ ಬೀಜ ಬಿದ್ದರೆ ಮೇ ಕೊನೆಗೆ ಸಸಿ ಸಿದ್ಧ. ಬಳ್ಳಿ ತರಕಾರಿಗೆ ಕೃತ್ತಿಕೆ ಮಳೆಯ ನಡುವಿನಲ್ಲಿ, ಅಂದರೆ ಮೇ ಮೂರನೇ ವಾರ ಹಾಕಿ, ಮೃಗಶಿರ ಹುಟ್ಟುವ ಹೊತ್ತಿಗೆ ನೆಡಬೇಕು. ಹೊರಗಡೆ ಚಪ್ಪರದ ಮೂಲೆಯಲ್ಲಿ ದಬ್ಬೆ ಅಟ್ಟದ ಮೇಲೆ ಹೀರೆಯ ಹನ್ನೆರಡು ಕೊಟ್ಟೆ ಇಟ್ಟಿದೆ. ಒಂದನ್ನು ಉದ್ದಕ್ಕೆ ಸೀಳಿ ಇಟ್ಟಿದ್ದೇನೆ, ಬೇರು ಎಲ್ಲಿಯವರೆಗೆ ಬಂದಿದೆ ನೋಡಿ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ಕಿನಲ್ಲಿ ಅದೇ ದಿನ ಹಾಕಿದ ಇನ್ನೊಂದು ಸಸಿಯನ್ನೂ ಸೀಳಿ ಇಟ್ಟಿದೆ. ಬೆಂಕಿಪೊಟ್ಟಣ ಮತ್ತು ನಾಲ್ಕು ಜಾತಿಯ ಬಟ್ಟೆ ಚೂರು ಅಲ್ಲೇ ಇವೆ, ಯಾವುದು ಏನು ಅಂತ ನೀವೇ ಸುಟ್ಟು ನೋಡಬಹುದು. ಪ್ರಶ್ನೆ ಇದ್ದವರು ಊಟ ಆದ ಮೇಲೆ ಅಲ್ಲಿಗೇ ಬನ್ನಿ.